ಥೈರಾಯ್ಡ್ ಮಾತ್ರೆಗೂ ಕಬ್ಬಿಣದ ಮಾತ್ರೆಗೂ 4 ಗಂಟೆ ಅಂತರ ಇರಲಿ
ಥೈರಾಯ್ಡ್ ಕಡಿಮೆ ಇದೆ ಅಂತ ಲೆವೊಥೈರಾಕ್ಸಿನ್ ತಗೊಳ್ಳೋರು ಅದನ್ನ ಬೆಳಿಗ್ಗೆ ಖಾಲಿ ಹೊಟ್ಟೆಲಿ, ಬರೀ ನೀರಿನ ಜೊತೆ ನುಂಗಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗಂತೂ 4 ಗಂಟೆ ಅಂತರ ಬೇಕೇ ಬೇಕು; ಇವು ಹೊಟ್ಟೆ, ಕರುಳಿನಲ್ಲೇ ಔಷಧಿಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಮಲ್ಟಿವಿಟಮಿನ್ ಡಬ್ಬಿಯ ಹಿಂಬದಿಯನ್ನೂ ಓದಿ ನೋಡಿ, ಎಷ್ಟೋ ಸಲ ಅದರಲ್ಲೂ ಇವೆರಡು ಇರುತ್ತವೆ. ಡೋಸೇ ಸಾಲದಿದ್ದರೆ ಬರೀ ಸಮಯ ಬದಲಿಸಿದರೆ, ಥೈರಾಯ್ಡ್ ಕಡಿಮೆಯಾದಾಗ ರಕ್ತದಲ್ಲಿ ಏರೋ ಹಾರ್ಮೋನ್ ಆದ ಟಿಎಸ್‌ಎಚ್ ಇಳಿಯಲ್ಲ. 6ರಿಂದ 8 ವಾರ ಬಿಟ್ಟು ರಕ್ತಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿ. ಇನ್ನೊಂದು, ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳೋ ಹಾಶಿಮೊಟೊ ಇದ್ದರೆ ದಯವಿಟ್ಟು ನೀವಾಗಿಯೇ ಅಯೋಡಿನ್ ಮಾತ್ರೆ ಶುರುಮಾಡಬೇಡಿ, ಹೆಚ್ಚಾದರೆ ತೊಂದರೆ ಇನ್ನೂ ಬಿಗಡಾಯಿಸಬಹುದು.