ಎಳ್ಳಮಾಸಿಯ ರಾತ್ರಿ ನಾನು ಬಡಿದ ರೊಟ್ಟಿ

ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ನಾನು ಮಂಡ್ಯ ಕಡೆಯವನು, ಅವಳು ವಿಜಯಪುರ ಜಿಲ್ಲೆಯವಳು. ಮದುವೆಯಾಗಿ ಏಳು ತಿಂಗಳಾದರೂ ಬೆಂಗಳೂರಿನ ನಮ್ಮ ಮನೆಯಲ್ಲಿ ಮರ್ಯಾದೆಯೇ ಜಾಸ್ತಿ ಇತ್ತು. ಜಗಳವಿಲ್ಲ, ಬೇಜಾರಿಲ್ಲ, ಸಲುಗೆಯೂ ಇಲ್ಲ. ನನ್ನ ಜೊತೆ ಅವಳು ಪದ ಹುಡುಕಿ ಹುಡುಕಿ ಬೆಂಗಳೂರು ಕನ್ನಡ ಮಾತಾಡುತ್ತಿದ್ದಳು. ಅವಳಮ್ಮನ ಫೋನ್ ಬಂದರೆ ದನಿಯೇ ಬೇರೆ. 'ಯವ್ವಾ, ಏನ್ ಮಾಡಾಕತ್ತಿ?' ಅಂತ ಶುರುವಾಗಿ ಅರ್ಧ ಗಂಟೆ ನಗು. ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಿದ್ದೆ. ನನ್ನ ಜೊತೆಗೂ ಹೀಗೇ ಮಾತಾಡಲಿ ಅಂತ ತುಂಬ ಆಸೆ.

ಅವಳ ಹುಟ್ಟುಹಬ್ಬಕ್ಕೆ ಪಾಸ್ತಾ ಮಾಡಿ, ಮೇಣದಬತ್ತಿ ಹಚ್ಚಿಟ್ಟಿದ್ದೆ. 'ಚೆನ್ನಾಗಿದೆ' ಅಂದಳು, ತಟ್ಟೆ ಖಾಲಿ ಮಾಡಿದಳು, ಎದ್ದು ತೊಳೆದಿಟ್ಟಳು. ಆ ಊಟ ಅವಳದೂ ಆಗಿರಲಿಲ್ಲ, ನನ್ನದೂ ಆಗಿರಲಿಲ್ಲ.

ನವೆಂಬರ್ ಕೊನೆಯಲ್ಲಿ ಒಂದು ಸಂಜೆ ಅವಳು ಮುಖ ಸಣ್ಣ ಮಾಡಿಕೊಂಡು ಬಂದಳು. ಎಳ್ಳಮಾಸಿಗೆ ಊರಿಗೆ ಹೋಗಲು ಆಫೀಸಿನಲ್ಲಿ ರಜೆ ಸಿಗಲಿಲ್ಲವಂತೆ. ಎಳ್ಳ ಅಮಾವಾಸ್ಯೆ ನಮ್ಮ ಕಡೆ ಅಷ್ಟು ದೊಡ್ಡದಲ್ಲ. ಅವರ ಕಡೆ ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ. ಭೂಮಿತಾಯಿಗೆ ಪೂಜೆ ಮಾಡಿ, ತಂದ ಅಡುಗೆಯಲ್ಲಿ ಒಂದಿಷ್ಟನ್ನು ಹೊಲದ ತುಂಬ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲೋದು ಅಂತಾರೆ. ಆಮೇಲೆ ಅಲ್ಲೇ ಕೂತು ಊಟ. ಅವಳು ಇದನ್ನೆಲ್ಲ ಹೇಳಿ ಸುಮ್ನೆ ಒಳಗೆ ಹೋದಳು. ಆ ರಾತ್ರಿಯೇ ತೀರ್ಮಾನ ಮಾಡಿದೆ, ಎಳ್ಳಮಾಸಿ ಊಟ ನಾನೇ ಮಾಡ್ತೀನಿ ಅಂತ.

ಶನಿವಾರ ಅವಳಿಗೆ ಕೆಲಸ, ನನಗೆ ರಜೆ. ಕಲಿಯೋಕೆ ನಾಲ್ಕು ಶನಿವಾರ ಸಿಕ್ಕವು. ಮೊದಲ ವಾರ ಅಂಗಡಿಯಿಂದ ಜೋಳದ ಹಿಟ್ಟಿನ ಪ್ಯಾಕೆಟ್ ತಂದೆ. ತಟ್ಟಲು ಹೋದರೆ ಅಂಚೆಲ್ಲ ಬಿರುಕು, ಎತ್ತಿದರೆ ಎರಡು ತುಂಡು. ಅತ್ತೆಗೆ ಫೋನ್ ಮಾಡಿದೆ. ಎರಡು ಮಾತಿನಲ್ಲಿ ತಪ್ಪು ಹಿಡಿದರು. 'ಹಿಟ್ಟು ಹಳೇದೈತ್ರಿ ಅಳಿಯಂದ್ರ, ಜಿಗಿ ಹೋಗೈತಿ. ಮತ್ತ ನೀರು ಬೆಚ್ಚಗಾದ್ರ ಸಾಲೂದಿಲ್ಲ, ಎಸರು ಕುದೀಬೇಕು.'

ಎಸರು ಅಂದ ಕೂಡಲೇ ನನಗೆ ತಿಳಿಯಿತು. ಮುದ್ದೆಗೂ ಎಸರು ಕುದಿಯಲೇಬೇಕಲ್ವಾ! ಗೋಧಿ ಹಿಟ್ಟಿನಲ್ಲಿ ಎಳೆದರೆ ಹಿಗ್ಗುವ ಅಂಟು ಇರುತ್ತದೆ. ಜೋಳದಲ್ಲಿ, ರಾಗಿಯಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರೆಬೆಂದು ತಾನೇ ಅಂಟಾಗುತ್ತದೆ. ಮುಂದಿನ ವಾರ ಬಿಳಿಜೋಳ ತಂದು ಮಿಲ್ಲಿನಲ್ಲಿ ಬೀಸಿಸಿದೆ. ಎರಡು ಲೋಟ ಹಿಟ್ಟಿಗೆ ಚಿಟಿಕೆ ಉಪ್ಪು, ಸುಮಾರು ಒಂದೂಕಾಲು ಲೋಟ ಕುದಿಯುವ ನೀರು. ಮೊದಲು ಸೌಟಿನಿಂದ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಒಂದೊಂದು ಉಂಡೆಯನ್ನೂ ತಟ್ಟುವ ಮುಂಚೆ ಮತ್ತೆ ನಾದಿಕೊಳ್ಳಬೇಕು.

ಎಣ್ಣೆಗಾಯಿ ಇದಕ್ಕಿಂತ ಸುಲಭ. ಎಂಟು ಎಳೆ ಬದನೆಕಾಯಿಗೆ ತೊಟ್ಟು ಹಾಗೇ ಇಟ್ಟು ನಾಲ್ಕು ಸೀಳು. ಅರ್ಧ ಲೋಟ ಹುರಿದ ಶೇಂಗಾ, ಎರಡು ಚಮಚ ಗುರೆಳ್ಳು, ಒಂದು ಚಮಚ ಎಳ್ಳು, ಒಂದು ಹಿಡಿ ಒಣಕೊಬ್ಬರಿ, ಬೆಳ್ಳುಳ್ಳಿ, ಈರುಳ್ಳಿ, ಖಾರದ ಪುಡಿ, ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪು, ಎಲ್ಲ ತರಿತರಿಯಾಗಿ ರುಬ್ಬಿ ತುಂಬೋದು. ಎಣ್ಣೆಯಲ್ಲಿ ಕೈ ಹಿಡಿತ ಬೇಡ. ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರೆ ಎಣ್ಣೆ ಮೇಲೆ ತೇಲಿ ಬರುತ್ತದೆ. ಗುರೆಳ್ಳು ಅಂದರೆ ನಮ್ಮ ಹುಚ್ಚೆಳ್ಳೇ. ಹುರಿಯುವಾಗ ಘಮ್ ಅಂತ ಬಂದ ಆ ವಾಸನೆ ನನಗೂ ನನ್ನಜ್ಜಿಯ ಅಡುಗೆಮನೆ ನೆನಪು ಮಾಡಿತು.

ಎಳ್ಳಮಾಸಿ ದಿನ ಅರ್ಧ ದಿನ ರಜೆ ಹಾಕಿದೆ. ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹೆಚ್ಚಿದ ಸೌತೆಕಾಯಿ, ಹಸಿ ಈರುಳ್ಳಿ. ಇಷ್ಟೇ. ರೊಟ್ಟಿ ಮಾತ್ರ ಅವಳು ಬಂದ ಮೇಲೆ ಅಂತ ಬಿಟ್ಟಿದ್ದೆ. ಹತ್ತು ಬಗೆ ಮಾಡಿ ಸುಸ್ತಾಗಿ ಕೂತರೆ ಮಾತಾಡಲು ಜೀವ ಇರೋದಿಲ್ಲ.

ಎಂಟು ಗಂಟೆಗೆ ಬಂದಳು. ಬಾಗಿಲಲ್ಲೇ ನಿಂತು ಒಮ್ಮೆ ಉಸಿರು ಎಳೆದುಕೊಂಡಳು. ಬ್ಯಾಗ್ ಹೆಗಲಲ್ಲೇ ಇತ್ತು. ಸೀದಾ ಅಡುಗೆಮನೆಗೆ ಬಂದು ಕೇಳಿದಳು, 'ಏನ್ ಮಾಡಾಕತ್ತೀರಿ?'

ನನ್ನ ಜೊತೆ ಅವಳು ಅವಳ ಕನ್ನಡದಲ್ಲಿ ಆಡಿದ ಮೊದಲ ಮಾತು ಅದು.

ಕೈ ತೊಳೆದು ಹಿಟ್ಟಿಗೆ ಕೈ ಹಾಕಲು ಬಂದಳು. 'ಇವತ್ತು ನೀನು ಕೂತ್ಕೋ' ಅಂದು ಒಲೆ ಪಕ್ಕ ಸ್ಟೂಲ್ ಎಳೆದು ಕೊಟ್ಟೆ. ಮಣೆ ಮೇಲೆ ಒಣಹಿಟ್ಟು ಹರಡಿ ಉಂಡೆ ಇಟ್ಟು ತಟ್ಟಿದೆ. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿದೆ. ನೀರು ಆರುತ್ತಲೇ ತಿರುವಿದೆ. ಆಮೇಲೆ ಉರಿಗೆ ಹಿಡಿದಾಗ ರೊಟ್ಟಿ ಒಂದು ಮೂಲೆಯಿಂದ ಉಬ್ಬುತ್ತಾ ಉಬ್ಬುತ್ತಾ ಪೂರ್ತಿ ಎದ್ದಿತು. ತಟ್ಟೆಗೆ ಹಾಕಿ ಎಣ್ಣೆಗಾಯಿ ಬಡಿಸಿದೆ.

ಮೊದಲ ತುತ್ತು ತಿಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, 'ನಾ ಕುಂತು ಬಿಸಿ ರೊಟ್ಟಿ ಉಂಡು ಎಷ್ಟು ವರ್ಷ ಆತೋ ಏನೋ.' ಅವರ ಮನೆಯಲ್ಲಿ ರೊಟ್ಟಿ ಬಡಿಯುವವರು ಕೊನೆಗೆ ಉಣ್ಣೋದು. ಹೈಸ್ಕೂಲಿನಿಂದ ಬಡಿಯುವ ಪಾಳಿ ಅವಳದೂ ಆಗಿತ್ತಂತೆ. ಎಲ್ಲರದೂ ಆದ ಮೇಲೆ ತಣ್ಣಗಾದ ರೊಟ್ಟಿ ಅವಳಿಗೆ. ನಮ್ಮ ಮನೆಯಲ್ಲೂ ಅಮ್ಮ ಹಾಗೇ ಉಂಡಿದ್ದು. ನಾನು ಒಂದು ದಿನವೂ ಅದನ್ನು ಗಮನಿಸಿರಲಿಲ್ಲ. ಒಲೆ ಮುಂದೆ ನಿಂತವನಿಗೆ ಗಂಟಲು ಕಟ್ಟಿತು.

ಆಮೇಲೆ ಅವಳ ಮಾತು ನಿಲ್ಲಲಿಲ್ಲ. ಚಕ್ಕಡಿಯಲ್ಲಿ ಹೊಲಕ್ಕೆ ಹೋಗಿದ್ದು, ಚರಗ ಚೆಲ್ಲುವಾಗ ಅಪ್ಪನ ಹಿಂದೆ ಓಡಿದ್ದು, ಬೆಂಗಳೂರಿಗೆ ಬಂದ ಮೊದಲ ವಾರ ಬಚ್ಚಲಲ್ಲಿ ನಿಂತು ಅತ್ತಿದ್ದು. ಕೆಲವು ಪದ ನನಗೆ ಗೊತ್ತಾಗಲಿಲ್ಲ. ಕೇಳಿದರೆ ನಕ್ಕು ಬಿಡಿಸಿ ಹೇಳುತ್ತಿದ್ದಳು. ಕೇಳುತ್ತಾ ಕೇಳುತ್ತಾ ನಾಲ್ಕನೇ ರೊಟ್ಟಿ ನನ್ನ ಕೈಯಲ್ಲೇ ಹರಿಯಿತು. ಬೇಯಿಸಿ ಪಕ್ಕಕ್ಕಿಡಲು ಹೋದೆ.

'ಕೊಡ್ರಿ ಇಲ್ಲೆ' ಅಂದಳು. ಬಿಸಿ ತುಂಡುಗಳನ್ನು ಕುಟ್ಟಾಣಿಗೆ ಹಾಕಿ, ಮೂರು ಎಸಳು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಹಸಿಮೆಣಸಿನಕಾಯಿ ಸೇರಿಸಿ ಕುಟ್ಟಿದಳು. ಮೇಲೆ ಒಂದು ಚಮಚ ತುಪ್ಪ. ಅಂಗೈಗೆ ತೆಗೆದುಕೊಂಡು ಮುಷ್ಟಿಯಲ್ಲಿ ಬಿಗಿಯಾಗಿ ಹಿಸುಕಿದಳು. ಉಂಡೆಯ ಮೇಲೆ ಅವಳ ನಾಲ್ಕು ಬೆರಳ ಗುರುತು ಮೂಡಿತು. 'ಇದಕ್ಕ ಮುಟಗಿ ಅಂತಾರ. ಬಾಯಿ ತಗೀರಿ.'

ನನ್ನ ಎರಡೂ ಕೈ ಹಿಟ್ಟಾಗಿತ್ತು. ಅವಳೇ ತಿನ್ನಿಸಿದಳು.