ಕಾಫಿ ಸೀಮೆಯವರು ನಿದ್ದೆಯನ್ನು ಸರಿಪಡಿಸಿಕೊಳ್ಳುವ ಕ್ರಮ

ಚಿಕ್ಕಮಗಳೂರಿನ ಕಡೆ ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವ ರೂಢಿಯಿಲ್ಲ. ಸಂಜೆ ಏಳಕ್ಕೆ ಬಂದ ನೆಂಟರ ಜೊತೆ ಮನೆಯವರೂ ಒಂದು ಲೋಟ ಕುಡಿಯುತ್ತಾರೆ, ಹತ್ತೂವರೆಗೆ ಮಲಗಿ ನಡುರಾತ್ರಿಯವರೆಗೆ ಮಗ್ಗುಲು ಬದಲಿಸುತ್ತಾರೆ, ಬೆಳಿಗ್ಗೆ ಎದ್ದು ಹೆಂಚಿನ ಮೇಲೆ ಸುರಿದ ಮಳೆಯನ್ನು ದೂರುತ್ತಾರೆ. ಆದ್ದರಿಂದ ಇಲ್ಲಿಯವರು ನಿದ್ದೆಯ ವಿಚಾರವನ್ನು ಎಣ್ಣೆ, ಲೇಹ್ಯಗಳಿಗಿಂತ ಮೊದಲು ಕಾಫಿಯಿಂದಲೇ ಆರಂಭಿಸಬೇಕು.

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಹೆಚ್ಚುತ್ತ ಹೋಗುತ್ತದೆ ಮತ್ತು ಅದು ಹೆಚ್ಚಿದಂತೆ ಕಣ್ಣು ಎಳೆಯತೊಡಗುತ್ತದೆ. ಕಾಫಿಯಲ್ಲಿರುವ ಕೆಫೀನ್ ಅದನ್ನು ಕರಗಿಸುವುದಿಲ್ಲ. ಅದು ಸೇರಬೇಕಾದ ಜಾಗದಲ್ಲಿ ತಾನು ಕೂತು ಅದರ ಕೆಲಸವನ್ನು ತಡೆಯುತ್ತದೆ, ಅಷ್ಟೇ. ಆರೋಗ್ಯವಂತ ವಯಸ್ಕರ ದೇಹದಲ್ಲಿ ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ, ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು. ಸಂಜೆ 6ರ ಲೋಟದ ಅರ್ಧದಷ್ಟು ರಾತ್ರಿ 11ಕ್ಕೂ ಒಳಗೇ ಇರುತ್ತದೆ ಎಂದಾಯಿತು. ಮಧ್ಯಾಹ್ನ 2ರ ನಂತರ ಕಾಫಿ ಕುಡಿಯದಿರುವುದು ಸುರಕ್ಷಿತ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ. ನಾನು ಬಿಟ್ಟಾಗ ಮೂರು ದಿನ ಹಣೆಗೆ ಅಮೃತಾಂಜನ ಹಚ್ಚಿಕೊಂಡೇ ತಿರುಗಿದ್ದೆ. ವಾರಕ್ಕೊಂದು ಲೋಟದಂತೆ ಕಡಿಮೆ ಮಾಡುವುದು ಜಾಣತನ. ಪುಡಿ ಮಾಡಿಸುವಾಗಲೂ ಒಂದು ಲೆಕ್ಕವಿದೆ: ರೊಬಸ್ಟಾ ಜಾತಿಯ ಕಾಫಿಯಲ್ಲಿ ಅರೇಬಿಕಾ ಜಾತಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ, ಪುಡಿಗೆ ಬೆರೆಸುವ ಚಿಕೋರಿ ಬೇರಿನಲ್ಲಿ ಇರುವುದೇ ಇಲ್ಲ. ಚಿಕೋರಿಯನ್ನು ಕಲಬೆರಕೆಯೆಂದು ಹೀಗಳೆಯುವ ತೋಟದವರಿಗೆ ಈ ಮಾತು ರುಚಿಸಲಾರದು. ಸಂಜೆ ನೆಂಟರು ಬಂದರೆ ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿಟ್ಟುಕೊಂಡ ಕಷಾಯಕ್ಕೆ ಹಾಲು, ಬೆಲ್ಲ ಹಾಕಿ ಕೊಡಬಹುದು, ಮರ್ಯಾದೆಗೆ ಕುಂದಿಲ್ಲ.

ಎರಡನೆಯದು ಏಳುವ ಹೊತ್ತು. ಮಲಗುವ ಸಮಯ ಹಿಂದೆಮುಂದಾದರೂ ಭಾನುವಾರವೂ ಸೇರಿ ಏಳುವ ಸಮಯವನ್ನು ಬದಲಿಸಬಾರದು. ಎದ್ದ ಒಂದು ಗಂಟೆಯೊಳಗೆ ಇಪ್ಪತ್ತು ನಿಮಿಷ ಹೊರಗಿನ ಬೆಳಕಿಗೆ ಮುಖ ಕೊಟ್ಟರೆ ದೇಹದ ಗಡಿಯಾರ ಸರಿಹೊಂದುತ್ತದೆ. ಜುಲೈನಲ್ಲಿ ಮೂಡಿಗೆರೆಯಲ್ಲಿ ಸೂರ್ಯನ ಸುಳಿವೇ ಇರುವುದಿಲ್ಲವೆಂಬುದು ನಿಜ, ಆದರೆ ಮೋಡ ಕವಿದ ಆಕಾಶದ ಬೆಳಕು ಕೂಡ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಪ್ರಖರವಾಗಿರುವುದರಿಂದ ಜಗಲಿಯ ತುದಿಯಲ್ಲಿ ನಿಂತರೂ ಸಾಕಾಗುತ್ತದೆ. ರಾತ್ರಿ ಇದರ ತದ್ವಿರುದ್ಧ: ಮಲಗುವ ಗಂಟೆ ಮೊದಲೇ ದೀಪಗಳನ್ನು ಕಡಿಮೆ ಮಾಡಿ, ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಬೇಕು.

ಹಂಡೆ ಒಲೆ ಇನ್ನೂ ಉರಿಯುವ ಮನೆಗಳಿಗೆ ಒಂದು ಅನುಕೂಲವಿದೆ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿದರೆ, ಅಥವಾ ಪಾದ ಮುಳುಗುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟು ಹತ್ತು ನಿಮಿಷ ಕೂತರೆ, ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಹೋಗುತ್ತದೆ. ದೇಹದೊಳಗಿನ ಉಷ್ಣಾಂಶ ಇಳಿಯುವಾಗಲೇ ನಿದ್ದೆ ಬೇಗ ಹತ್ತುವುದು. ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರು ಮಾತ್ರ ನೀರಿನ ಬಿಸಿಯನ್ನು ಬೇರೆಯವರಿಂದ ನೋಡಿಸಿಕೊಳ್ಳಬೇಕು. ಚಳಿಗೆಂದು ಹಾಕುವ ‘ಒಂದು ಪೆಗ್’ ಬೇಗ ಮಲಗಿಸುತ್ತದೆ, ಆದರೆ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಚೂರುಚೂರು ಮಾಡುತ್ತದೆ.

ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬಿಡಿ. ಮಂದ ಬೆಳಕಿನಲ್ಲಿ ಕುಳಿತು ಏನಾದರೂ ನೀರಸ ಕೆಲಸ ಮಾಡಿ, ಕಣ್ಣು ಕೂರತೊಡಗಿದಾಗ ಮರಳಿ ಮಲಗಿ, ಗಡಿಯಾರ ನೋಡಬೇಡಿ. ನಾಳೆಯ ಆಳುಗಳ ಲೆಕ್ಕ, ಬ್ಯಾಂಕಿನ ಕಂತು ತಲೆಯಲ್ಲಿ ಸುತ್ತುತ್ತಿದ್ದರೆ ಅವನ್ನು ಊಟಕ್ಕೆ ಮೊದಲೇ ಚೀಟಿಯಲ್ಲಿ ಬರೆದಿಡುವುದು ಉತ್ತಮ. ಉಸಿರನ್ನು ನಾಲ್ಕು ಎಣಿಸುವಷ್ಟು ಹೊತ್ತು ಎಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಟ್ಟರೆ ಎದೆಬಡಿತ ತಗ್ಗುತ್ತದೆ.

ಬುದ್ಧಿ ಚುರುಕಾಗಲು ನಮ್ಮಲ್ಲಿ ಒಂದೆಲಗದ ತಂಬುಳಿ ಹೇಳುತ್ತಾರೆ. ಒಂದು ಹಿಡಿ ಎಲೆ, ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕಲಸಿ ಒಗ್ಗರಣೆ ಕೊಟ್ಟರಾಯಿತು, ಕುದಿಸಬಾರದು. ನಾನು ಅದನ್ನು ರುಚಿಗಾಗಿ ಉಣ್ಣುತ್ತೇನೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಅದಕ್ಕಿಂತ ಹೆಚ್ಚು ಉಪಯೋಗವಾಗುವುದು ನಿದ್ದೆಯೇ, ಏಕೆಂದರೆ ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ.

ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವವರು, ಮತ್ತು ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ನಿದ್ದೆಗೆಟ್ಟವರು ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಅಂಗಡಿಯಿಂದ ತಾವೇ ನಿದ್ದೆಮಾತ್ರೆ ತರಬಾರದು. ಮನಸ್ಸಿನ ಕಳವಳವೇ ಕಾರಣವಾಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ನೀರು ಹಾರಿಸುವ ದಿನಗಳು. ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ಪೈಪು ಬದಲಿಸಲು ಎರಡು ಗಂಟೆಗೆ ಏಳಲೇಬೇಕು. ಆ ವಾರಗಳಲ್ಲಿ ಸಂಜೆ ಬೇಗ ಊಟ ಮುಗಿಸಿ ಎಂಟಕ್ಕೇ ಮಲಗಿ. ತೋಟಕ್ಕೆ ಹೋಗುವಾಗ ಫ್ಲಾಸ್ಕಿನಲ್ಲಿ ಕಾಫಿಯ ಬದಲು ಕಷಾಯ ಒಯ್ದರೆ ಮರಳಿ ಬಂದಾಗ ಇನ್ನೊಂದು ತೂಕಡಿಕೆಗೆ ಅವಕಾಶವಿರುತ್ತದೆ. ಉಳಿದ ನಿದ್ದೆಯ ಸಾಲವನ್ನು ಮಧ್ಯಾಹ್ನ ಊಟದ ನಂತರ, ಮೂರು ಗಂಟೆಯೊಳಗೆ, ಅಲಾರಂ ಇಟ್ಟುಕೊಂಡು ಅರ್ಧ ಗಂಟೆಯಲ್ಲಿ ತೀರಿಸಿಕೊಳ್ಳಿ.