ಕಾಸಿನ ಸರದ ಹೆಂಗಸು: ಪಾಪ್ ಆರ್ಟ್ ಚಿತ್ರ ಬರೆಯುವ ಬಗೆ

ಚಿತ್ರದಲ್ಲಿ ಸಿರಿವಂತಿಕೆ ಕಾಣಲಿ ಎಂದು ಮೈತುಂಬ ಒಡವೆ ಹೇರುವುದು ಸುಲಭ. ಆ ಒಡವೆಗೆ ಒಡತಿ ಚಿತ್ರದ ಹೆಂಗಸೇ ಎಂಬುದು ಕಾಣದಿದ್ದರೆ ಅದು ಚಿನ್ನದಂಗಡಿಯ ಜಾಹೀರಾತಾಗುತ್ತದೆ. ಕಾಮಿಕ್ಸ್, ಜಾಹೀರಾತಿನ ಶೈಲಿಯಲ್ಲಿ ಬರೆಯುವ ಪಾಪ್ ಆರ್ಟ್‌ನ ಅಮೆರಿಕನ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ 1963ರಲ್ಲಿ ಬರೆದ ಹುಡುಗಿ ನೀರಲ್ಲಿ ಮುಳುಗುತ್ತಾ ಅಳುತ್ತಾಳೆ. ನಮ್ಮವಳು ನೋಡುಗರ ಕಣ್ಣಲ್ಲಿ ಕಣ್ಣಿಟ್ಟು ನೋಡಲಿ, ಕೈಯಲ್ಲಿ ತಿಜೋರಿಯ ಬೀಗದ ಕೈ ಗೊಂಚಲು ಹಿಡಿದಿರಲಿ. ಉಳಿದದ್ದೆಲ್ಲ ಬದಲಾಗಬಹುದು, ಈ ಎರಡು ಮಾತ್ರ ಬದಲಾಗಬಾರದು.

ಒಡವೆ ಬಿಡಿಸುವ ಮೊದಲು ಬೇಲೂರಿಗೆ ಹೋಗಿ ಮದನಿಕೆಯರನ್ನು ನೋಡಿ ಬನ್ನಿ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಬಳಪದ ಕಲ್ಲನ್ನು ಒಡವೆಯ ಅಡಿಗೆ ಆಳವಾಗಿ ಕೊರೆದಿದ್ದಾರೆ. ಮಣಿಗಿಂತ ಮೊದಲು ಮಣಿಯ ಕೆಳಗಿನ ಕಪ್ಪು ಕಣ್ಣಿಗೆ ಬೀಳುತ್ತದೆ. ಪಾಪ್‌ಗೂ ಅದೇ ಬೇಕು. ಒಂದು ಕಾಸು ಎಂದರೆ ಒಂದು ಹಳದಿ ದುಂಡು, ಅಡಿಗೊಂದು ಕಪ್ಪು ಅರ್ಧಚಂದ್ರ, ಮೇಲೊಂದು ಬಿಳಿ ಚುಕ್ಕೆ. ಕಾಸಿನ ಮೇಲಿನ ಲಕ್ಷ್ಮಿಯನ್ನು ಬಿಡಿಸಲು ಹೋಗಬೇಡಿ, ಆರು ಅಡಿ ದೂರದಿಂದ ಅದು ಕೊಳೆಯಂತೆ ಕಾಣುತ್ತದೆ.

ಕಿಟಕಿಯ ಬೆಳಕು ಒಂದೇ ಬದಿಯಿಂದ ಬೀಳುವಂತೆ ಫೋಟೋ ತೆಗೆದು, ಮೊಬೈಲ್‌ನಲ್ಲಿ ಪೋಸ್ಟರೈಸ್ ಮಾಡಿ ನಾಲ್ಕು ಛಾಯೆಗಳಿಗೆ ಇಳಿಸಿ. 8×10 ಇಂಚಿನ ಪ್ರಿಂಟ್ ಮೇಲೆ ಒಂದೊಂದು ಇಂಚಿನ ಚೌಕ, 16×20 ಇಂಚಿನ ಕ್ಯಾನ್ವಾಸ್ ಮೇಲೆ ಎರಡೆರಡು ಇಂಚಿನ ಚೌಕ ಹಾಕಿದರೆ ಎರಡರಲ್ಲೂ 80 ಚೌಕ ಬರುತ್ತವೆ; ಒಂದೊಂದೇ ಚೌಕ ನೋಡಿ ಚಿತ್ರವನ್ನು ಕ್ಯಾನ್ವಾಸ್‌ಗೆ ಇಳಿಸಿಕೊಳ್ಳಿ. ಅದಕ್ಕೂ ಮುಂಚೆ ಕ್ಯಾನ್ವಾಸ್‌ಗೆ ಎರಡು ಕೋಟ್ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಕೊಟ್ಟು 320 ನಂಬರಿನ ಉಪ್ಪುಕಾಗದದಿಂದ ನಯಗೊಳಿಸಿ. ನೇಯ್ಗೆ ಉಬ್ಬಿ ನಿಂತರೆ ಕಪ್ಪು ಗೆರೆ ಹಲ್ಲುಹಲ್ಲಾಗುತ್ತದೆ.

ಹಿನ್ನೆಲೆಯ ಬಣ್ಣವನ್ನು ಒಂದೇ ಸಲ 40 ಮಿ.ಲೀ. ಕಲಸಿ ಮುಚ್ಚಳದ ಡಬ್ಬಿಯಲ್ಲಿಡಿ. ಅಕ್ರಿಲಿಕ್ ಒಣಗಿದ ಮೇಲೆ ಗಾಢವಾಗುವುದರಿಂದ ನಡುವೆ ಮತ್ತೆ ಕಲಸಿದರೆ ಹೊಂದುವುದಿಲ್ಲ. ಲೆಮನ್ ಹಳದಿ ಹೆಚ್ಚಾಗಿ ಅರೆಪಾರದರ್ಶಕ, ಅಡಿಗೆ ಬಿಳಿ ಕೋಟ್ ಇಲ್ಲದಿದ್ದರೆ ಪೆನ್ಸಿಲ್ ಗೆರೆ ಇಣುಕುತ್ತದೆ.

ಹೆಚ್ಚಿನವರು ಕೆಡಿಸುವುದು ಮೈಬಣ್ಣವನ್ನು. ನಮ್ಮ ಕಂದು ಮೈಗೆ ಬಿಳಿ ಬೆರೆಸಿದರೆ ಬೂದಿ ಬಳಿದಂತಾಗುತ್ತದೆ. ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಹಳದಿ ಸೇರಿಸಿ ತಿಳಿಯಾಗಿಸಿ. ನೆರಳಿಗೆ ಗಾಢ ಕಂದಾದ ಬರ್ಂಟ್ ಅಂಬರ್ ಜೊತೆ ಚೂರು ಮಜೆಂಟಾ. ಬೆಳ್ಳಗೆ ಮಾಡುವ ಆಸೆ ಬಿಡಿ, ಹಳದಿ ಒಡವೆ ಎದ್ದು ಕಾಣುವುದೇ ಈ ಕಂದಿನ ಮೇಲೆ.

ಪಾಪ್ ಚಿತ್ರದ ಗುರುತಾದ ಸಾಲು ಚುಕ್ಕೆಗಳು ಕೆನ್ನೆಯ ನೆರಳಿಗೆ ಮತ್ತು ಹಿನ್ನೆಲೆಯ ಅರ್ಧಕ್ಕೆ ಸಾಕು. ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ, ಚರ್ಮಕ್ಕೆ ತೂತು ಹೊಡೆಯುವ ಪಂಚ್‌ನಿಂದ 4 ಮಿ.ಮೀ. ತೂತುಗಳನ್ನು 8 ಮಿ.ಮೀ.ಗೊಂದರಂತೆ ಮಾಡಿಕೊಳ್ಳಿ. ಸ್ಪಂಜಿನ ಬಣ್ಣವನ್ನು ಮೊದಲು ಕಾಗದಕ್ಕೆ ಒತ್ತಿ ತೆಗೆದು, ಆಮೇಲೆ ನೇರವಾಗಿ ತಟ್ಟಿ; ಎಳೆದರೆ ಬಣ್ಣ ಹಾಳೆಯಡಿಗೆ ನುಗ್ಗುತ್ತದೆ. ಹಾಳೆ ಸರಿಸುವಾಗ ಮೊದಲ ಸಾಲಿನ ತೂತುಗಳನ್ನು ಹಾಕಿಯಾದ ಕೊನೆಯ ಸಾಲಿನ ಮೇಲೆ ಕೂರಿಸಿದರೆ ಸಾಲು ಸೊಟ್ಟಗಾಗದು.

ಒಡವೆಗೆ ಚಿನ್ನದ ಹಾಳೆಯ ಹೊಳಪು ಬೇಕಿದ್ದರೆ ಅಡಿಗೆ ಇಟ್ಟಿಗೆ ಕೆಂಪು ಬಳಿಯಿರಿ, ಹಾಳೆ ಬಿರಿದಲ್ಲಿ ಅದು ಚೆಂದ ಕಾಣುತ್ತದೆ. ಅದರ ಮೇಲೆ ಬಳಿದ ಹಾಳೆಯ ಅಂಟು ಹಾಲುಬಣ್ಣ ಕಳೆದು ತಿಳಿಯಾಗಿ, ಬೆರಳಿಗೆ ಜಿಗುಟಾದಾಗಲೇ ಹಾಳೆ ಇಡಬೇಕು. ಸಕಲೇಶಪುರದ ಮಳೆಗಾಲದಲ್ಲಿ ಅಂಟು ತಿಳಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆತುರಪಟ್ಟರೆ ಹಾಳೆ ಮುಳುಗಿ ಮಂಕಾಗುತ್ತದೆ. ಸುತ್ತಲಿನ ಒಣಗಿದ ಬಣ್ಣಕ್ಕೆ ಟಾಲ್ಕಂ ಪೌಡರ್ ತೆಳುವಾಗಿ ಸವರಿದರೆ ಚೂರುಗಳು ಅಂಟುವುದಿಲ್ಲ. ಅಗ್ಗದ ಹಾಳೆ ತಾಮ್ರ–ಸತುವಿನದು. ಬರಿದೇ ಬಿಟ್ಟರೆ ಕಪ್ಪಾಗುತ್ತದೆ, ಬಿಳಿ ಶೆಲ್ಯಾಕ್‌ನ (ಬಣ್ಣ ತೆಗೆದ ಅರಗಿನ ಪಾಲಿಶ್) ಒಂದು ಕೋಟ್ ಕೊಡಿ.

ಕಪ್ಪು ಗೆರೆ ಕಡೆಗೆ. ದವಡೆ, ಭುಜಕ್ಕೆ 4 ಮಿ.ಮೀ., ಕಣ್ಣು ತುಟಿಗೆ 2. ಬೀಗದ ಕೈಗಳಿಗೆ ಎಲ್ಲಕ್ಕಿಂತ ದಪ್ಪ ಗೆರೆ ಹಾಕಿ, ಮುಖದ ನಂತರ ಕಣ್ಣು ಅಲ್ಲಿಗೇ ಹೋಗಬೇಕು. ಮೂರು ದಿನ ಒಣಗಿಸಿ, ಬಿಸಿಲಿರುವ ಮಧ್ಯಾಹ್ನ ನೋಡಿಕೊಂಡು ವಾರ್ನಿಶ್ ಹೊಡೆಯಿರಿ. ತೇವದ ಗಾಳಿಯಲ್ಲಿ ಹೊಡೆದರೆ ಕಪ್ಪಿನ ಮೇಲೆ ಬಿಳಿ ಮಬ್ಬು ಕೂರುತ್ತದೆ.